ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಹ್ಯಾಚ್‌ಬ್ಯಾಕ್: ತಣ್ಣಗಿನ ಎಂಜಿನ್‌ನಿಂದ ಮೊದಲ ಸರ್ವಿಸ್‌ವರೆಗೆ

ಹಳೆಯ ಸಣ್ಣ ಕಾರು ಕೊಂಡು ಕೈ ಸುಟ್ಟುಕೊಳ್ಳುವವರು ಪರೀಕ್ಷೆ ಮಾಡದೆ ಕೊಂಡವರೇ ಆಗಿರುವುದಿಲ್ಲ. ಬಹಳ ಮಂದಿ ಪರೀಕ್ಷೆ ಮಾಡಿರುತ್ತಾರೆ, ಆದರೆ ಹಿಂದುಮುಂದಾಗಿ. ಮೊದಲು ಬಣ್ಣದ ಹೊಳಪು, ಆಮೇಲೆ ಒಂದು ಸುತ್ತು ಓಡಾಟ, ಬೆಲೆಯ ಮಾತು, ಮುಂಗಡ, ಕಟ್ಟಕಡೆಗೆ ಕಾಗದಪತ್ರ. ಅಷ್ಟು ಹೊತ್ತಿಗೆ ಎಂಜಿನ್ ಬಿಸಿಯಾಗಿ ತನ್ನ ಕಾಯಿಲೆಯನ್ನು ಮುಚ್ಚಿಕೊಂಡಿರುತ್ತದೆ, ಕೊಳ್ಳುವವರ ಮನಸ್ಸೂ ಕಾರಿನ ಕಡೆ ವಾಲಿರುತ್ತದೆ.

ಇಲ್ಲಿ ಕೊಟ್ಟಿರುವ ಕ್ರಮ ಅದಕ್ಕೆ ತದ್ವಿರುದ್ಧ. ಖರ್ಚಿಲ್ಲದ, ಬೇಗ ಮುಗಿಯುವ ಪರೀಕ್ಷೆ ಮೊದಲು. ಹಣ, ಸಮಯ ಬೇಡುವುದು ಕೊನೆಗೆ. ಯಾವ ಹಂತದಲ್ಲಿ ದೊಡ್ಡ ದೋಷ ಸಿಕ್ಕರೂ ಅಲ್ಲಿಗೇ ನಿಲ್ಲಿಸಿ ಹೊರಡಿ. ಮುಂದಿನ ಹಂತ ಚೆನ್ನಾಗಿದೆ ಎಂಬ ಕಾರಣಕ್ಕೆ ಹಿಂದಿನ ದೋಷ ಮಾಯವಾಗುವುದಿಲ್ಲ.

## ಜೊತೆಗೆ ಇರಬೇಕಾದ ಸಾಮಾನು

ಪ್ರಕಾಶಮಾನವಾದ ಸಣ್ಣ ಟಾರ್ಚ್, ತೆಳು ಬಟ್ಟೆ ಸುತ್ತಿದ ಒಂದು ಆಯಸ್ಕಾಂತ, ಬಿಳಿ ಟಿಶ್ಯೂ ಕಾಗದ, ಮಲ್ಟಿಮೀಟರ್, ಮೊಬೈಲ್‌ಗೆ ಜೋಡಿಸುವ ಬ್ಲೂಟೂತ್ ಓಬಿಡಿ ಸ್ಕ್ಯಾನರ್ (ಕಾರಿನ ಕಂಪ್ಯೂಟರಿನಲ್ಲಿ ದಾಖಲಾದ ದೋಷಗಳನ್ನು ಓದುವ ಸಾಧನ), ಕಾರಿನಡಿ ಇಣುಕಲು ನೆಲಕ್ಕೆ ಹಾಸುವ ಹಳೆ ಚಾಪೆ. ಪೇಂಟಿನ ದಪ್ಪ ಅಳೆಯುವ ಗೇಜ್ ಎರವಲು ಸಿಕ್ಕರೆ ಬಿಡಬೇಡಿ. ಕಂಡದ್ದನ್ನು ಕಂಡ ಹಾಗೆ ಬರೆದುಕೊಳ್ಳಲು ಒಂದು ಪುಸ್ತಕವೂ ಇರಲಿ. ಸಂಜೆಗೆ ಮೂರು ಕಾರು ನೋಡಿದ ಮೇಲೆ ಯಾವುದರ ಕ್ಲಚ್ ಜಾರುತ್ತಿತ್ತು ಎಂಬುದು ನೆನಪಿರುವುದಿಲ್ಲ.

ಮಳೆಯಲ್ಲಿ, ಕತ್ತಲಲ್ಲಿ ಕಾರು ನೋಡಲೇಬೇಡಿ. ಒದ್ದೆ ಮೈ ಎಲ್ಲ ಗೀರುಗಳನ್ನೂ, ಬಣ್ಣದ ವ್ಯತ್ಯಾಸವನ್ನೂ ಮುಚ್ಚುತ್ತದೆ.

## ಹಂತ 1: ಕಾರಿಗಿಂತ ಮೊದಲು ಎಂಜಿನ್ ಆರಿಸಿ

ನಂಬಿಕೆಗೆ ಯೋಗ್ಯವಾದ ಹಳೆ ಹ್ಯಾಚ್‌ಬ್ಯಾಕ್ ಬೇಕೆಂದರೆ ಸರಳ ಎಂಜಿನ್ ಹುಡುಕಿ: 1.0ರಿಂದ 1.5 ಲೀಟರ್, ಟರ್ಬೋ ಇಲ್ಲದ್ದು, ಇನ್‌ಟೇಕ್ ಪೋರ್ಟಿನಲ್ಲೇ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಷನ್ ಇರುವುದು. ಸಿಲಿಂಡರಿನೊಳಗೆ ನೇರವಾಗಿ ಪೆಟ್ರೋಲ್ ಚಿಮ್ಮಿಸುವ ಎಂಜಿನ್‌ಗಳಲ್ಲಿ ಇನ್‌ಟೇಕ್ ವಾಲ್ವಿನ ಬೆನ್ನನ್ನು ಪೆಟ್ರೋಲ್ ತೊಳೆಯುವುದಿಲ್ಲ. ಅಲ್ಲಿ ಮಸಿ ಕಟ್ಟುತ್ತಾ ಹೋಗುತ್ತದೆ. ಟರ್ಬೋ ಇರುವ ಎಂಜಿನ್ ಕೆಟ್ಟದ್ದಲ್ಲ, ಆದರೆ ಹಿಂದಿನ ಮಾಲೀಕರು ಆಯಿಲ್ ಬದಲಿಸುವಲ್ಲಿ ಸೋಮಾರಿತನ ಮಾಡಿದ್ದರೆ ಅದು ಕ್ಷಮಿಸುವುದಿಲ್ಲ.

ಎರಡನೆಯ ಪ್ರಶ್ನೆ: ಕ್ಯಾಮ್ ಶಾಫ್ಟ್ (ವಾಲ್ವುಗಳನ್ನು ತೆರೆಯುವ ದಂಡ) ತಿರುಗಿಸುವುದು ಚೈನೋ ಬೆಲ್ಟೋ? ಸುಜುಕಿಯ 1.2 ಲೀಟರ್ ಕೆ ಸರಣಿ, ಟೊಯೋಟಾದ 1.0 ಲೀಟರ್ 1ಕೆಆರ್, ಹ್ಯುಂಡೈನ 1.2 ಲೀಟರ್ ಕಪ್ಪಾ, ಹೋಂಡಾದ ಎಲ್ ಸರಣಿ, ಇವೆಲ್ಲ ಚೈನ್ ಎಂಜಿನ್‌ಗಳು. ಫೋಕ್ಸ್‌ವ್ಯಾಗನ್‌ನ ಇಎ211 ಸರಣಿಯಲ್ಲಿ ಬೆಲ್ಟ್. ಚೈನಿಗೆ ಬದಲಾಯಿಸುವ ದಿನಾಂಕವಿಲ್ಲ, ಆದರೆ ಕೊಳಕು ಆಯಿಲಿನಲ್ಲಿ ಓಡಿದರೆ ಅದೂ ಸವೆದು ಉದ್ದವಾಗುತ್ತದೆ. ಬೆಲ್ಟಿಗೆ ಕಿಲೋಮೀಟರ್ ಮತ್ತು ವರ್ಷ ಎರಡರ ಗಡುವೂ ಇದೆ. ಎಷ್ಟೆಂದು ಆ ಎಂಜಿನ್ನಿನ ಕೈಪಿಡಿಯಲ್ಲೇ ನೋಡಬೇಕು. ಹೆಚ್ಚಿನ ಎಂಜಿನ್‌ಗಳಲ್ಲಿ ಬೆಲ್ಟ್ ತುಂಡಾದರೆ ಪಿಸ್ಟನ್ ಹೋಗಿ ವಾಲ್ವಿಗೆ ಬಡಿದು ವಾಲ್ವ್ ಬಾಗುತ್ತದೆ. ಕೆಲವು ಸಣ್ಣ ಟರ್ಬೋ ಎಂಜಿನ್‌ಗಳಲ್ಲಿ ಬೆಲ್ಟ್ ಆಯಿಲಿನಲ್ಲೇ ಮುಳುಗಿ ಓಡುತ್ತದೆ. ಅದು ಚೂರಾಗಿ ಉದುರಿದರೆ ಆಯಿಲ್ ಪಂಪಿನ ಜಾಲರಿ ಕಟ್ಟಿಕೊಳ್ಳುತ್ತದೆ. ಅಂಥ ಎಂಜಿನ್ ಇರುವ ಕಾರಿಗೆ ಬೆಲ್ಟ್ ಬದಲಿಸಿದ ಬಿಲ್ಲು ಇಲ್ಲದಿದ್ದರೆ ನೋಡಲು ಹೋಗುವುದೇ ಬೇಡ.

ಗೇರ್‌ಬಾಕ್ಸ್ ವಿಷಯದಲ್ಲಿ ಮ್ಯಾನ್ಯುಯಲ್ ಸುರಕ್ಷಿತ. ಎಎಂಟಿ ಎಂದರೆ ಅದೇ ಮ್ಯಾನ್ಯುಯಲ್ ಗೇರ್‌ಬಾಕ್ಸಿಗೆ ಕ್ಲಚ್ ಒತ್ತುವ ಯಂತ್ರ ಕೂಡಿಸಿದ್ದು. ಅದರಲ್ಲೂ ಕ್ಲಚ್ ಸವೆಯುತ್ತದೆ. ಸಿವಿಟಿ (ಮೆಟ್ಟಿಲುಗಳಂಥ ಗೇರುಗಳಿಲ್ಲದ ಆಟೊಮ್ಯಾಟಿಕ್) ಆದರೆ ಅದರ ಆಯಿಲ್ ಬದಲಿಸಿದ ದಾಖಲೆ ಕೇಳಿ. "ಜೀವಮಾನಕ್ಕೆ ಬದಲಿಸುವುದೇ ಬೇಡ" ಎಂಬ ಉತ್ತರ ಬಂದರೆ ಇದುವರೆಗೆ ಬದಲಿಸಿಲ್ಲ ಎಂದೇ ತಿಳಿಯಿರಿ.

ತುಂಬ ಕಡಿಮೆ ಓಡಿದ ಕಾರು ಎಂದರೆ ಎಲ್ಲರಿಗೂ ಆಸೆ. ದಿನಕ್ಕೆ ಎರಡು ಕಿಲೋಮೀಟರ್ ಓಡಿ ನಿಂತ ಎಂಜಿನ್ ಎಂದೂ ಪೂರ್ತಿ ಬಿಸಿಯಾಗಿರುವುದಿಲ್ಲ. ಅದರ ಆಯಿಲಿನಲ್ಲಿ ನೀರಿನ ಅಂಶ, ಹಸಿ ಪೆಟ್ರೋಲ್ ಸೇರಿರುತ್ತವೆ. ಸೈಲೆನ್ಸರ್ ಒಳಗಿನಿಂದ ತುಕ್ಕು ಹಿಡಿದಿರುತ್ತದೆ. ಟೈರು, ಬ್ಯಾಟರಿ, ರಬ್ಬರುಗಳೆಲ್ಲ ವಯಸ್ಸಿನಿಂದಲೇ ಸತ್ತಿರುತ್ತವೆ. ವರ್ಷಕ್ಕೆ ಹತ್ತು ಹನ್ನೆರಡು ಸಾವಿರ ಕಿಲೋಮೀಟರ್ ಹದವಾಗಿ ಓಡಿ, ಪ್ರತಿ ಸರ್ವಿಸಿನ ಬಿಲ್ಲು ಇರುವ ಕಾರು ಅದಕ್ಕಿಂತ ಮೇಲು.

## ಹಂತ 2: ಕಾಗದ ನೋಡಿ, ಆಮೇಲೆ ಕಾರು

ನೋಂದಣಿ ಪತ್ರ, ವಿಮೆ, ಸರ್ವಿಸ್ ಬಿಲ್ಲುಗಳ ಚಿತ್ರವನ್ನು ಮೊದಲೇ ತರಿಸಿಕೊಳ್ಳಿ. ಮಾರುವವರು ಯಾರು, ಪತ್ರದಲ್ಲಿರುವ ಹೆಸರು ಯಾರದು? ಕಾರಿನ ಮೇಲೆ ಸಾಲ ಬಾಕಿ ಇದೆಯೇ? ಸಾಲ ತೀರಿದೆ ಎಂದರೆ ತೀರಿಸಿದ್ದಕ್ಕೆ ಸಾಲ ಕೊಟ್ಟವರ ಪತ್ರ ಬೇಕು, ಬಾಯಿಮಾತು ಸಾಲದು.

ಚಾಸಿಸ್ ಸಂಖ್ಯೆಯಲ್ಲಿ 17 ಅಕ್ಷರ ಮತ್ತು ಅಂಕಿಗಳು ಇರುತ್ತವೆ. ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳು ಅದರಲ್ಲಿ ಬರುವುದಿಲ್ಲ, ಏಕೆಂದರೆ ಅವು 1, 0 ಅಂಕಿಗಳಂತೆ ಕಾಣುತ್ತವೆ. ಪತ್ರದಲ್ಲಿರುವ ಸಂಖ್ಯೆ, ಕಾರಿನ ತಗಡಿನ ಮೇಲೆ ಕೊರೆದದ್ದು, ಅಂಟಿಸಿದ ಪಟ್ಟಿಯಲ್ಲಿರುವುದು, ಮೂರೂ ಒಂದೇ ಇರಬೇಕು. ಕೊರೆದ ಜಾಗದ ಸುತ್ತ ಉಜ್ಜಿದ ಗುರುತು, ಹೊಸ ಬಣ್ಣ, ವೆಲ್ಡಿಂಗ್ ಕಂಡರೆ ಮಾತು ಮುಗಿಯಿತು.

ಬಿಲ್ಲುಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ ಕಿಲೋಮೀಟರ್ ಓದಿ. 2019ರಲ್ಲಿ 48,000, 2020ರಲ್ಲಿ 59,000, 2022ರಲ್ಲಿ 51,000 ಎಂದಿದ್ದರೆ ಮೀಟರ್ ತಿರುಗಿಸಿದ್ದಾರೆ. ಬಿಲ್ಲು ಇಲ್ಲದಿದ್ದರೆ ಕಾರೇ ಸಾಕ್ಷಿ: 30,000 ಕಿ.ಮೀ. ಎಂದು ಹೇಳುವ ಕಾರಿನ ಕ್ಲಚ್ ಪೆಡಲ್ಲಿನ ರಬ್ಬರ್ ನುಣ್ಣಗಾಗಿರಬಾರದು, ಸ್ಟಿಯರಿಂಗ್ ಮೇಲ್ಮೈ ಹೊಳೆಯುತ್ತಿರಬಾರದು, ಚಾಲಕರ ಸೀಟಿನ ಅಂಚು ಕುಸಿದಿರಬಾರದು. ಪೆಡಲ್ ರಬ್ಬರ್ ಮಾತ್ರ ಹೊಚ್ಚಹೊಸದಾಗಿದ್ದರೂ ಅನುಮಾನಿಸಿ.

ಕಂಪನಿ ಹಿಂದಕ್ಕೆ ಕರೆದು ಉಚಿತವಾಗಿ ರಿಪೇರಿ ಮಾಡಿಕೊಡುವ ದೋಷವೇನಾದರೂ ಆ ಮಾದರಿಯಲ್ಲಿ ಇತ್ತೇ, ಈ ಕಾರಿಗೆ ಆ ಕೆಲಸ ಆಗಿದೆಯೇ ಎಂದು ತಯಾರಕರ ಜಾಲತಾಣದಲ್ಲಿ ಇಲ್ಲವೇ ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಚಾಸಿಸ್ ಸಂಖ್ಯೆ ಕೊಟ್ಟು ವಿಚಾರಿಸಿ. ಏರ್‌ಬ್ಯಾಗ್‌ಗೆ ಸಂಬಂಧಿಸಿದ್ದಾದರೆ ಇದು ಜೀವದ ಪ್ರಶ್ನೆ.

## ಹಂತ 3: ತಣ್ಣಗಿನ ಎಂಜಿನ್

ಇಡೀ ಪರೀಕ್ಷೆಯ ತಿರುಳು ಇದೇ. ಜನ ಅತಿ ಹೆಚ್ಚು ಬಿಟ್ಟುಬಿಡುವುದೂ ಇದನ್ನೇ. ಮಾರುವವರಿಗೆ ಹಿಂದಿನ ದಿನವೇ ಹೇಳಿ: "ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ." ಹೋದ ತಕ್ಷಣ ಬಾನೆಟ್ ಮೇಲೆ, ಆಮೇಲೆ ರೇಡಿಯೇಟರಿನ ಮೇಲಿನ ಹೋಸ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇವೆಂದು ಹೇಳಿ ಬನ್ನಿ. ಯಾರೂ ಸುಮ್ಮನೆ ಬೆಳಗ್ಗೆ ಎದ್ದು ಎಂಜಿನ್ ಬಿಸಿ ಮಾಡಿಡುವುದಿಲ್ಲ.

ಸ್ಟಾರ್ಟ್ ಮಾಡುವ ಮೊದಲು ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ತೆಗೆದು ಟಿಶ್ಯೂಗೆ ಒರೆಸಿ. ಆಯಿಲ್ ಕಪ್ಪಾಗಿದೆ ಎಂಬುದು ದೋಷವಲ್ಲ. ಮಟ್ಟ ಕನಿಷ್ಠ ಗುರುತಿಗಿಂತ ಕೆಳಗಿರುವುದು ದೋಷ. ಹಾಲು ಬೆರೆಸಿದ ಕಾಫಿಯಂತೆ ಕಾಣುವುದು ದೊಡ್ಡ ದೋಷ. ಆಯಿಲ್ ತುಂಬುವ ಮುಚ್ಚಳದ ಅಡಿಯಲ್ಲಿ ಮಾತ್ರ ಸ್ವಲ್ಪ ಹಳದಿ ಕೆನೆ ಇದ್ದು ಡಿಪ್‌ಸ್ಟಿಕ್ ಶುದ್ಧವಾಗಿದ್ದರೆ, ಅದು ಚಳಿಯಲ್ಲಿ ಹತ್ತಿರ ಹತ್ತಿರ ಓಡಾಡಿದ್ದರಿಂದ ಕಟ್ಟಿದ ತೇವವಿರಬಹುದು. ಡಿಪ್‌ಸ್ಟಿಕ್ಕಿನಲ್ಲೂ ಕೆನೆ ಕಂಡರೆ, ಅಥವಾ ಕೂಲೆಂಟ್ (ಎಂಜಿನ್ ತಂಪಾಗಿಸುವ ದ್ರವ) ಡಬ್ಬಿಯಲ್ಲಿ ಎಣ್ಣೆ ತೇಲುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೂ ಸಿಲಿಂಡರ್ ಭಾಗಕ್ಕೂ ನಡುವಿನ ಸೀಲ್) ಹೋಗಿರುವ ಸಾಧ್ಯತೆ ಹೆಚ್ಚು. ಬೆಲೆ ಎಷ್ಟೇ ಇಳಿದರೂ ಆ ಕಾರು ಬೇಡ.

ಕೂಲೆಂಟ್ ಶುಭ್ರವಾದ ಬಣ್ಣದಲ್ಲಿರಬೇಕು. ತುಕ್ಕಿನ ಬಣ್ಣ ಇದ್ದರೆ ಬರೀ ನಲ್ಲಿ ನೀರು ಹಾಕಿ ಓಡಿಸಿದ್ದಾರೆ. ಒಳಗಿನ ನೀರಿನ ಜಾಡುಗಳು, ವಾಟರ್ ಪಂಪ್, ರೇಡಿಯೇಟರ್ ಎಲ್ಲವೂ ಸವೆದಿರುತ್ತವೆ.

ಈಗ ಕೀ ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ. ಚೆಕ್ ಎಂಜಿನ್, ಆಯಿಲ್ ಪ್ರೆಷರ್, ಬ್ಯಾಟರಿ, ಎಬಿಎಸ್, ಏರ್‌ಬ್ಯಾಗ್ ದೀಪಗಳು ಹೊತ್ತಿಕೊಳ್ಳಬೇಕು. ಯಾವುದಾದರೂ ಹೊತ್ತಲೇ ಇಲ್ಲವೆಂದರೆ ಅದು ಒಳ್ಳೆಯ ಸುದ್ದಿಯಲ್ಲ. ದೋಷ ಮುಚ್ಚಲು ಬಲ್ಬು ಕಿತ್ತಿರಬಹುದು ಅಥವಾ ತಂತಿ ಕತ್ತರಿಸಿರಬಹುದು. ಏರ್‌ಬ್ಯಾಗ್ ದೀಪದ ಬಗ್ಗೆ ಹೆಚ್ಚು ಎಚ್ಚರ ಬೇಕು: ಅಪಘಾತದಲ್ಲಿ ಬಿಚ್ಚಿಕೊಂಡ ಬ್ಯಾಗ್ ಬದಲಿಸದೆ ಖಾಲಿ ಮುಚ್ಚಳ ಹಾಕಿದ ಕಾರುಗಳೂ ಮಾರಾಟಕ್ಕೆ ಬರುತ್ತವೆ.

ಒಬ್ಬರು ಸ್ಟಾರ್ಟ್ ಮಾಡಲಿ, ಇನ್ನೊಬ್ಬರು ಸೈಲೆನ್ಸರ್ ಹಿಂದೆ ನಿಂತು ನೋಡಲಿ. ಮೊದಲ ಹತ್ತು ಸೆಕೆಂಡುಗಳಲ್ಲಿ ಕೇಳುವ, ಕಾಣುವ ಸಂಗತಿಗಳು ಮತ್ತೆ ಸಿಗುವುದಿಲ್ಲ. ಚೈನ್ ಇರುವ ಬದಿಯಿಂದ ಎರಡು ಮೂರು ಸೆಕೆಂಡು ಗರಗರ ಸದ್ದು ಬಂದು ನಿಂತರೆ ಚೈನ್ ಸಡಿಲವಾಗಿದೆ ಅಥವಾ ಚೈನನ್ನು ಬಿಗಿಯಾಗಿಡುವ ಟೆನ್ಷನರಿಗೆ ಆಯಿಲ್ ಒತ್ತಡ ತಡವಾಗಿ ತಲುಪುತ್ತಿದೆ. ನೀಲಿ ಹೊಗೆಯ ಒಂದು ಉಂಡೆ ಬಂದು ಮಾಯವಾದರೆ ವಾಲ್ವ್ ಸೀಲ್‌ಗಳ ರಬ್ಬರ್ ಗಡುಸಾಗಿ ಆಯಿಲ್ ಸೋರುತ್ತಿದೆ. ಆಕ್ಸಿಲರೇಟರ್ ಒತ್ತಿದಾಗೆಲ್ಲ ನೀಲಿ ಹೊಗೆ ಬಂದರೆ ಪಿಸ್ಟನ್ ರಿಂಗ್ ಸವೆದಿವೆ, ಅದು ಎಂಜಿನ್ ಬಿಚ್ಚುವ ಕೆಲಸ. ತಣ್ಣಗಿನ ಬೆಳಗಿನಲ್ಲಿ ಬಿಳಿ ಹಬೆ ಸಹಜ. ಎಂಜಿನ್ ಬಿಸಿಯಾದ ಮೇಲೂ ನಿಲ್ಲದೆ ಸಿಹಿ ವಾಸನೆ ಬಂದರೆ ಕೂಲೆಂಟ್ ಉರಿಯುತ್ತಿದೆ. ಕಪ್ಪು ಹೊಗೆ ಎಂದರೆ ಪೆಟ್ರೋಲ್ ಅತಿಯಾಗುತ್ತಿದೆ. ಸೆನ್ಸರ್ ಅಥವಾ ಇಂಜೆಕ್ಟರ್ ದೋಷ, ರಿಂಗಿನಷ್ಟು ಭಯಪಡಬೇಕಾದ್ದಲ್ಲ.

ಮಲ್ಟಿಮೀಟರ್ ಕೆಲಸವೂ ಇಲ್ಲೇ. ಸ್ಟಾರ್ಟ್ ಮಾಡುವ ಮೊದಲು ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು, 12.2 ಎಂದರೆ ಅರ್ಧ ಖಾಲಿ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5ರ ನಡುವೆ ಇರುತ್ತದೆ. 13 ದಾಟದಿದ್ದರೆ ಆಲ್ಟರ್ನೇಟರ್ ತಪಾಸಣೆ ಬೇಕು.

## ಹಂತ 4: ಸ್ಕ್ಯಾನರ್ ಏನು ಹೇಳುತ್ತದೆ

ಸ್ಕ್ಯಾನರ್ ಸಿಕ್ಕಿಸಿ ದೋಷದ ಸಂಕೇತಗಳನ್ನು ಓದಿ. ಪಿ0300 ಎಂದರೆ ಸಿಲಿಂಡರ್‌ಗಳು ಅಲ್ಲಲ್ಲಿ ಉರಿ ತಪ್ಪುತ್ತಿವೆ, ಪಿ0171 ಎಂದರೆ ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾಗಿದೆ, ಪಿ0420 ಎಂದರೆ ಕೆಟಲಿಟಿಕ್ ಕನ್ವರ್ಟರ್ (ಹೊಗೆಯ ವಿಷ ಕಡಿಮೆ ಮಾಡುವ ಭಾಗ) ದುರ್ಬಲವಾಗಿದೆ.

ಏನೂ ಇಲ್ಲವೆಂದು ತೋರಿಸಿದರೆ ಸಮಾಧಾನ ಪಡುವ ಮೊದಲು ಅದೇ ಆ್ಯಪ್‌ನಲ್ಲಿ ರೆಡಿನೆಸ್ ಪುಟ ತೆರೆಯಿರಿ. ಕಾರಿನ ಕಂಪ್ಯೂಟರ್ ತನ್ನ ಸ್ವಯಂಪರೀಕ್ಷೆಗಳನ್ನು ಮುಗಿಸಿದೆಯೇ ಎಂದು ಅಲ್ಲಿ ಕಾಣುತ್ತದೆ. ಹಲವು ಪರೀಕ್ಷೆಗಳು ಅಪೂರ್ಣ ಎಂದಿದ್ದರೆ ಇತ್ತೀಚೆಗೆ ಯಾರೋ ಸಂಕೇತಗಳನ್ನು ಅಳಿಸಿದ್ದಾರೆ ಅಥವಾ ಬ್ಯಾಟರಿ ಬಿಚ್ಚಿದ್ದಾರೆ. ಕಾರಣ ಕೇಳಿ, ನಾಲ್ಕೈದು ದಿನ ಓಡಿಸಿದ ಮೇಲೆ ಮತ್ತೆ ನೋಡುತ್ತೇವೆಂದು ಹೇಳಿ.

ಎಂಜಿನ್ ಬಿಸಿಯಾದ ಮೇಲೆ ಫ್ಯುಯಲ್ ಟ್ರಿಮ್ (ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬ ಅಂಕಿ) ನೋಡಿ. ದೀರ್ಘಾವಧಿ ಟ್ರಿಮ್ ಶೂನ್ಯದಿಂದ ಮೇಲೆ ಕೆಳಗೆ 10 ಪ್ರತಿಶತದೊಳಗೆ ಇದ್ದರೆ ಚಿಂತೆಯಿಲ್ಲ. ಹೆಚ್ಚು ಧನಾತ್ಮಕವಾಗಿದ್ದರೆ ಎಲ್ಲೋ ಗಾಳಿ ಸೋರಿ ಒಳಬರುತ್ತಿದೆ, ಇಲ್ಲವೇ ಪೆಟ್ರೋಲ್ ಒತ್ತಡ ಕಡಿಮೆ.

## ಹಂತ 5: ಮೈ, ತಳ, ಒಳಾಂಗಣ

ಮೊದಲು ಹತ್ತು ಹೆಜ್ಜೆ ದೂರದಿಂದ, ಆಮೇಲೆ ಕಣ್ಣನ್ನು ತಗಡಿನ ಮಟ್ಟಕ್ಕೆ ಇಳಿಸಿ ಉದ್ದಕ್ಕೆ ನೋಡಿ. ಬಾಗಿಲು, ಬಾನೆಟ್, ಡಿಕ್ಕಿಗಳ ಸಂದುಗಳನ್ನು ಎಡಬಲ ಹೋಲಿಸಿ. ಆಯಸ್ಕಾಂತ ಒಂದು ಕಡೆ ಗಟ್ಟಿಯಾಗಿ ಹಿಡಿದು ಇನ್ನೊಂದು ಕಡೆ ಜಾರಿದರೆ ಅಲ್ಲಿ ಪುಟ್ಟಿ ಇದೆ. ಬಂಪರ್ ಪ್ಲಾಸ್ಟಿಕ್ಕಿನದು, ಕೆಲವು ಕಾರುಗಳಲ್ಲಿ ಫೆಂಡರ್ ಕೂಡ. ಅಲ್ಲಿ ಆಯಸ್ಕಾಂತ ನಿಲ್ಲದಿರುವುದು ದೋಷವಲ್ಲ. ಗೇಜ್ ಇದ್ದರೆ, ಕಾರ್ಖಾನೆಯ ಪೇಂಟ್ ಸಾಮಾನ್ಯವಾಗಿ 80ರಿಂದ 150 ಮೈಕ್ರಾನ್ ತೋರಿಸುತ್ತದೆ. ಅದರ ಎರಡರಷ್ಟು ಎಂದರೆ ಮತ್ತೊಮ್ಮೆ ಬಣ್ಣ ಹೊಡೆದದ್ದು, ಸಾವಿರದ ಹತ್ತಿರ ಎಂದರೆ ಪುಟ್ಟಿಯ ಮೇಲೆ ಬಣ್ಣ.

ಬಣ್ಣ ಹೊಡೆದದ್ದೇ ಅಪರಾಧವಲ್ಲ. ನೋಡಬೇಕಾದದ್ದು ಪೆಟ್ಟು ಎಲ್ಲಿಯವರೆಗೆ ಹೋಗಿದೆ ಎಂದು. ಬಾಗಿಲಿನ ಗೀರಿಗೆ ಬಣ್ಣ ಹೊಡೆದಿದ್ದರೆ ಬೆಲೆಯಲ್ಲಿ ಮಾತಾಡಿ. ಆದರೆ ಬಾನೆಟ್ ಕೆಳಗೆ ಎರಡೂ ಬದಿಯ ಚಾಸಿಸ್ ಕಾಲುಗಳಲ್ಲಿ (ಮುಂದಕ್ಕೆ ಚಾಚಿದ ಉದ್ದನೆಯ ತೊಲೆಗಳು) ಸುಕ್ಕು, ರೇಡಿಯೇಟರ್ ಹಿಡಿದ ಅಡ್ಡಪಟ್ಟಿಯಲ್ಲಿ ಹೊಸ ವೆಲ್ಡಿಂಗ್, ಸಸ್ಪೆನ್ಷನ್ನಿನ ಸ್ಟ್ರಟ್ ಕೂರುವ ಗೋಪುರದಲ್ಲಿ ಬಿರುಕು, ಸ್ಟೆಪ್ನಿಯ ಗುಂಡಿಯಲ್ಲಿ ತಗಡು ಮಡಿಸಿದ ಗುರುತು ಕಂಡರೆ ಬೇಡ. ಬಾಗಿಲಿನ, ಫೆಂಡರಿನ ಬೋಲ್ಟುಗಳ ತಲೆಯ ಮೇಲೆ ಬಣ್ಣ ಕಿತ್ತಿದ್ದರೆ ಆ ಭಾಗ ಬಿಚ್ಚಿದ್ದಾರೆ.

ನೀರಿನಲ್ಲಿ ಮುಳುಗಿದ ಕಾರನ್ನು ಎಷ್ಟು ತೊಳೆದರೂ ಪೂರ್ತಿ ಮರೆಮಾಚಲಾಗದು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ. ಒಳಗೆ ಸುತ್ತಿಕೊಂಡ ಭಾಗದಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಸೀಟಿನ ಹಳಿಗಳ ತುಕ್ಕು, ಡ್ಯಾಶ್‌ಬೋರ್ಡ್ ಅಡಿಯ ಸ್ಕ್ರೂ ತಲೆಗಳ ತುಕ್ಕು, ಫ್ಯೂಸ್ ಪೆಟ್ಟಿಗೆಯಲ್ಲಿ ಹಸಿರು ಪುಡಿ, ಕಾರ್ಪೆಟ್ ಎತ್ತಿದರೆ ಮುಗ್ಗು ವಾಸನೆ, ಹೆಡ್‌ಲೈಟ್ ಒಳಗೆ ತೇವ: ಇವುಗಳಲ್ಲಿ ಎರಡು ಸಿಕ್ಕರೆ ಸಾಕು, ಬಿಟ್ಟುಬಿಡಿ. ಎಂಜಿನ್ ಉಳಿದರೂ ಅಂಥ ಕಾರಿನ ವಯರಿಂಗ್ ವರ್ಷಗಟ್ಟಲೆ ಕಾಡುತ್ತದೆ.

ತುಕ್ಕು ಎಲ್ಲಿದೆ ಎಂಬುದು ಮುಖ್ಯ. ಬಾಗಿಲಿನ ಕೆಳಗಂಚಿನದ್ದು ಬರೀ ಕಿರಿಕಿರಿ, ಜ್ಯಾಕ್ ಕೊಡುವ ಜಾಗ, ಬ್ರೇಕ್ ಪೈಪು, ಸಸ್ಪೆನ್ಷನ್ ಹಿಡಿದ ಸಬ್‌ಫ್ರೇಮಿನದ್ದು ಪ್ರಾಣಕ್ಕೆ ಅಪಾಯ.

ಟೈರಿನ ಬದಿಯಲ್ಲಿ ಡಾಟ್ ಗುರುತಿನ ಕೊನೆಯ ನಾಲ್ಕು ಅಂಕಿ ಓದಿ. 2319 ಎಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಆರು ವರ್ಷ ದಾಟಿದ್ದರೆ ಮೇಲ್ಮೈಯ ತೋಡುಗಳು (ಟ್ರೆಡ್) ಎಷ್ಟು ಆಳವಿದ್ದರೂ ಬದಲಿಸುವ ಖರ್ಚು ಲೆಕ್ಕಕ್ಕೆ ಸೇರಿಸಿ. ತೋಡಿನ ನಡುವಿನ ರಬ್ಬರ್ ದಿಬ್ಬ 1.6 ಮಿ.ಮೀ. ಎತ್ತರದ್ದು, ಟೈರ್ ಅದರ ಮಟ್ಟಕ್ಕೆ ಬಂದರೆ ಮುಗಿಯಿತು. ಒಳಅಂಚು ಮಾತ್ರ ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿದೆ ಅಥವಾ ಲೋವರ್ ಆರ್ಮ್ ಬಾಗಿದೆ.

## ಹಂತ 6: ಅರ್ಧ ಗಂಟೆಯ ಓಟ

ಐದು ನಿಮಿಷದ ಸುತ್ತಿನಲ್ಲಿ ಏನೂ ತಿಳಿಯದು. ರೇಡಿಯೋ, ಎಸಿ ಆರಿಸಿ, ಕಿಟಕಿ ಇಳಿಸಿ ಶುರು ಮಾಡಿ.

ಹೊರಡುವ ಮೊದಲು ಬ್ರೇಕ್ ಬೂಸ್ಟರ್ (ಪೆಡಲ್ ಒತ್ತುವುದನ್ನು ಹಗುರ ಮಾಡುವ ಭಾಗ) ಪರೀಕ್ಷೆ: ಎಂಜಿನ್ ಆಫ್ ಇರುವಾಗ ಪೆಡಲ್ ಗಟ್ಟಿಯಾಗುವವರೆಗೆ ನಾಲ್ಕೈದು ಸಲ ಒತ್ತಿ, ಕಾಲು ತೆಗೆಯದೆ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿಯಬೇಕು. ಎಂಜಿನ್ ಓಡುವಾಗ ಒತ್ತಿ ಹಿಡಿದರೆ ನಿಧಾನವಾಗಿ ನೆಲ ಮುಟ್ಟುವುದಾದರೆ ಮಾಸ್ಟರ್ ಸಿಲಿಂಡರ್ (ಪೆಡಲ್ಲಿನ ಒತ್ತನ್ನು ಬ್ರೇಕ್ ದ್ರವಕ್ಕೆ ಕೊಡುವ ಭಾಗ) ಒಳಗೇ ಸೋರುತ್ತಿದೆ ಅಥವಾ ಹೊರಗೆಲ್ಲೋ ಸೋರಿಕೆ ಇದೆ. ಅಂಥ ಕಾರನ್ನು ರಸ್ತೆಗೆ ಇಳಿಸಬೇಡಿ.

ಖಾಲಿ ಜಾಗದಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ಎರಡೂ ಕಡೆ ವೃತ್ತ ಹಾಕಿ. ಟಕ್ ಟಕ್ ಟಕ್ ಎಂದು ಚಕ್ರದ ಜೊತೆ ಓಡುವ ಸದ್ದು ಬಂದರೆ ಹೊರಗಿನ ಸಿವಿ ಜಾಯಿಂಟ್ (ಚಕ್ರ ತಿರುಗಿಸುವ ಶಾಫ್ಟಿನ ಕೀಲು) ಸವೆದಿದೆ. ಉಬ್ಬಿನ ಮೇಲೆ ಧಡ್ ಎಂದರೆ ಸ್ಟೆಬಿಲೈಸರ್ ಲಿಂಕ್, ಬುಷ್ ಅಥವಾ ಬಾಲ್ ಜಾಯಿಂಟ್. ಲಿಂಕ್, ಬುಷ್ ಸಣ್ಣ ಖರ್ಚು. ಬಾಲ್ ಜಾಯಿಂಟ್ ತಡಮಾಡಬಾರದ ಕೆಲಸ.

ಕ್ಲಚ್ ನೋಡಲು ಸಮತಟ್ಟಾದ ಖಾಲಿ ರಸ್ತೆಯಲ್ಲಿ 40-50 ಕಿ.ಮೀ. ವೇಗದಲ್ಲಿ ನಾಲ್ಕನೇ ಗೇರಿಗೆ ಹಾಕಿ ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಪೆಡಲ್ ಒತ್ತಿದಾಗ ಮಾತ್ರ ಕಿರ್ರೆಂದರೆ ರಿಲೀಸ್ ಬೇರಿಂಗ್. ನ್ಯೂಟ್ರಲ್‌ನಲ್ಲಿ ಪೆಡಲ್ ಬಿಟ್ಟಾಗ ಸದ್ದಿದ್ದು ಒತ್ತಿದಾಗ ನಿಂತರೆ ಗೇರ್‌ಬಾಕ್ಸ್ ಒಳಗಿನ ಬೇರಿಂಗ್. ಎರಡನೆಯದು ದುಬಾರಿ. ಮೂರರಿಂದ ಎರಡಕ್ಕೆ ಬೇಗ ಇಳಿಸುವಾಗ ಕರಕರ ಎಂದರೆ ಎರಡನೇ ಗೇರಿನ ಸಿಂಕ್ರೋ (ಗೇರ್ ಸಲೀಸಾಗಿ ಕೂರಿಸುವ ಉಂಗುರ) ಸವೆದಿದೆ.

60 ಕಿ.ಮೀ. ದಾಟಿದ ಮೇಲೆ ಗುಂಯ್ ಎಂಬ ಸದ್ದು ವೇಗದ ಜೊತೆ ಏರುತ್ತಿದ್ದರೆ ರಸ್ತೆಯ ಅಂಚಿನೊಳಗೆ ಮೆಲ್ಲಗೆ ಎಡಕ್ಕೆ, ಬಲಕ್ಕೆ ವಾಲಿಸಿ. ಎಡಕ್ಕೆ ತಿರುಗುವಾಗ ಭಾರ ಬಲ ಚಕ್ರಗಳ ಮೇಲೆ ಬೀಳುತ್ತದೆ; ಆಗ ಸದ್ದು ಹೆಚ್ಚಿದರೆ ಬಲಗಡೆಯ ವೀಲ್ ಬೇರಿಂಗ್. ವಾಲಿಸಿದರೂ ಬದಲಾಗದಿದ್ದರೆ ಬಹುಶಃ ಟೈರಿನ ಸದ್ದು. ಬ್ರೇಕ್ ಹಿಡಿದಾಗ ಸ್ಟಿಯರಿಂಗ್ ನಡುಗಿದರೆ ಮುಂದಿನ ಡಿಸ್ಕ್ ಸಮವಾಗಿಲ್ಲ, ಒಂದು ಬದಿಗೆ ಎಳೆದರೆ ಕ್ಯಾಲಿಪರ್ (ಡಿಸ್ಕನ್ನು ಒತ್ತಿ ಹಿಡಿಯುವ ಭಾಗ) ಅಂಟಿಕೊಂಡಿದೆ.

ಓಟ ಮುಗಿಸಿ ಬಂದು ಎಸಿ ಹಾಕಿ 15 ನಿಮಿಷ ನಿಂತಲ್ಲೇ ಓಡಲು ಬಿಡಿ. ರೇಡಿಯೇಟರ್ ಫ್ಯಾನ್ ಬರಬೇಕು, ತಾಪದ ಮುಳ್ಳು ಕದಲಬಾರದು, ಎಸಿ ತಂಪು ಕುಗ್ಗಬಾರದು. ಆಮೇಲೆ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿ. ಬಿಸಿಯಲ್ಲಿ ಮಾತ್ರ ಸ್ಟಾರ್ಟ್ ಆಗದೆ ಒದ್ದಾಡುವ ಕಾರುಗಳಿವೆ. ಕ್ರ್ಯಾಂಕ್ ಸೆನ್ಸರ್, ದಣಿದ ಸ್ಟಾರ್ಟರ್ ಮೋಟಾರ್, ಸೋರುವ ಇಂಜೆಕ್ಟರ್ ಅದಕ್ಕೆ ಕಾರಣ.

## ಹಂತ 7: ಮೇಲೆತ್ತಿ ನೋಡಿ, ಆಮೇಲೆ ಬೆಲೆ

ಇಷ್ಟೆಲ್ಲ ದಾಟಿದ ಕಾರನ್ನು ಮಾತ್ರ ನಿಮಗೆ ಪರಿಚಯದ, ಮಾರುವವರಿಗೆ ಪರಿಚಯವಿಲ್ಲದ ಮೆಕ್ಯಾನಿಕ್ ಬಳಿ ಒಯ್ಯಿರಿ. ಲಿಫ್ಟ್ ಮೇಲೆ ನೋಡಬೇಕಾದದ್ದು: ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಜಾಗದಿಂದ ಆಯಿಲ್ ತೊಟ್ಟಿಕ್ಕುತ್ತಿದೆಯೇ, ಸಿವಿ ಜಾಯಿಂಟಿನ ರಬ್ಬರ್ ಹರಿದಿದೆಯೇ, ಕೆಟಲಿಟಿಕ್ ಕನ್ವರ್ಟರ್ ಇದೆಯೇ ಅಥವಾ ಬರೀ ಪೈಪು ಹಾಕಿದ್ದಾರೆಯೇ, ಬ್ರೇಕ್ ಪ್ಯಾಡ್ 3 ಮಿ.ಮೀ.ಗಿಂತ ದಪ್ಪವಿದೆಯೇ. ಎಂಜಿನ್ ಬಗ್ಗೆ ಅನುಮಾನ ಉಳಿದಿದ್ದರೆ ಕಂಪ್ರೆಷನ್ ಪರೀಕ್ಷೆ (ಪ್ರತಿ ಸಿಲಿಂಡರಿನ ಒಳಗಿನ ಒತ್ತಡ ಅಳೆಯುವುದು) ಮಾಡಿಸಿ. ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ 10 ಪ್ರತಿಶತದ ಆಸುಪಾಸಿನಲ್ಲಿರಬೇಕು. ಅಂಕಿ ಎಷ್ಟು ಎಂಬುದಕ್ಕಿಂತ ಎಲ್ಲವೂ ಸಮವಾಗಿವೆಯೇ ಎಂಬುದು ಹೆಚ್ಚು ಹೇಳುತ್ತದೆ.

ಬೆಲೆಯ ಮಾತಿಗೆ ಪುಸ್ತಕ ತೆಗೆಯಿರಿ. ಟೈರು, ಬ್ಯಾಟರಿ, ಕ್ಲಚ್, ಡಿಸ್ಕ್, ಒಂದೊಂದರ ಖರ್ಚನ್ನೂ ಮೆಕ್ಯಾನಿಕ್‌ನಿಂದ ಕೇಳಿ ಬರೆದು ಒಟ್ಟು ಮಾಡಿ. ಕೈಯಲ್ಲಿರುವ ಹಣವನ್ನೆಲ್ಲ ಕಾರಿಗೇ ಸುರಿಯಬೇಡಿ. ಬೆಲೆಯ ಹತ್ತನೇ ಒಂದು ಪಾಲಾದರೂ ಮುಂದಿನ ಹಂತಕ್ಕೆ ಉಳಿಯಲಿ.

## ಹಂತ 8: ಮೊದಲ ವಾರದ ಸರ್ವಿಸ್

"ಹೋದ ತಿಂಗಳಷ್ಟೇ ಸರ್ವಿಸ್ ಮಾಡಿಸಿದ್ದೇವೆ" ಎಂಬ ಮಾತನ್ನು ನಂಬಿ ಸುಮ್ಮನಿರುವುದೇ ಕೊಂಡ ನಂತರದ ಮೊದಲ ತಪ್ಪು. ಬಿಲ್ಲು ಕೈಯಲ್ಲಿಲ್ಲದ ಪ್ರತಿಯೊಂದು ದ್ರವವನ್ನೂ ಬದಲಿಸಿ, ಆ ದಿನಾಂಕ ಮತ್ತು ಕಿಲೋಮೀಟರನ್ನು ಬರೆದಿಡಿ. ಇನ್ನು ಮುಂದಿನ ಲೆಕ್ಕವೆಲ್ಲ ಅಲ್ಲಿಂದ.

ಎಂಜಿನ್ ಆಯಿಲ್. ಸಣ್ಣ ಪೆಟ್ರೋಲ್ ಎಂಜಿನ್‌ಗೆ ಸುಮಾರು 3ರಿಂದ 3.5 ಲೀಟರ್ ಹಿಡಿಯುತ್ತದೆ. ಗ್ರೇಡ್ ಮಾತ್ರ ಕೈಪಿಡಿ ಹೇಳಿದ್ದೇ, ಹೆಚ್ಚಾಗಿ 0ಡಬ್ಲ್ಯೂ-20 ಅಥವಾ 5ಡಬ್ಲ್ಯೂ-30. ಐದು ನಿಮಿಷ ಎಂಜಿನ್ ಓಡಿಸಿ ಆಯಿಲ್ ಬೆಚ್ಚಗಾದ ಮೇಲೆ, ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಹಳೆ ಆಯಿಲನ್ನು ಕೆಳಗಿಳಿಸಿ. ಬರೀ ಜ್ಯಾಕ್ ನಂಬಿ ಕೆಳಗೆ ಹೋಗಬೇಡಿ. ಡ್ರೈನ್ ಬೋಲ್ಟಿಗೆ ಹೊಸ ವಾಷರ್ ಹಾಕಿ. ಹಳೆ ಫಿಲ್ಟರ್ ತೆಗೆದಾಗ ಅದರ ರಬ್ಬರ್ ಉಂಗುರ ಎಂಜಿನ್‌ಗೇ ಅಂಟಿ ಉಳಿದಿದೆಯೇ ನೋಡಿ. ಅದರ ಮೇಲೆ ಹೊಸದು ಕೂತರೆ ಸ್ಟಾರ್ಟ್ ಮಾಡಿದೊಡನೆ ಆಯಿಲ್ ಹೊರಗೆ ಸುರಿಯುತ್ತದೆ. ಹೊಸ ಉಂಗುರಕ್ಕೆ ಆಯಿಲ್ ಸವರಿ, ಮುಟ್ಟಿದ ಮೇಲೆ ಕೈಯಿಂದ ಮುಕ್ಕಾಲು ಸುತ್ತು ಬಿಗಿದರೆ ಸಾಕು. ಅಳತೆಗಿಂತ ಅರ್ಧ ಲೀಟರ್ ಕಡಿಮೆ ಹಾಕಿ, ಒಂದು ನಿಮಿಷ ಓಡಿಸಿ, ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ ಉಳಿದದ್ದನ್ನು ತುಂಬಿ. ಗರಿಷ್ಠ ಗುರುತು ದಾಟಿಸುವುದೂ ತಪ್ಪೇ; ಕ್ರ್ಯಾಂಕ್ ಬಡಿದು ನೊರೆಯಾಗುತ್ತದೆ.

ಸ್ಪಾರ್ಕ್ ಪ್ಲಗ್. ಎಂಜಿನ್ ತಣ್ಣಗಿರುವಾಗ ಮಾತ್ರ ಬಿಚ್ಚಿ. ಮೊದಲು ಗುಂಡಿಯೊಳಗಿನ ಧೂಳು ಊದಿ ತೆಗೆಯಿರಿ, ಇಲ್ಲವಾದರೆ ಅದು ಸಿಲಿಂಡರಿಗೆ ಬೀಳುತ್ತದೆ. ತುದಿ ತಿಳಿ ಕಂದು ಇದ್ದರೆ ಆರೋಗ್ಯ. ಒಣ ಮಸಿ ಇದ್ದರೆ ಪೆಟ್ರೋಲ್ ಹೆಚ್ಚು. ಎಣ್ಣೆಯ ಜಿಡ್ಡು ಇದ್ದರೆ ಆ ಸಿಲಿಂಡರಿನಲ್ಲಿ ಆಯಿಲ್ ಉರಿಯುತ್ತಿದೆ. ಹೊಸದನ್ನು ಮೊದಲ ಕೆಲವು ಸುತ್ತು ಬೆರಳಿನಿಂದಲೇ ತಿರುಗಿಸಬೇಕು. ಹೆಡ್ ಅಲ್ಯೂಮಿನಿಯಮ್ಮಿನದು, ಓರೆಯಾಗಿ ಹತ್ತಿದರೆ ಥ್ರೆಡ್ ಹಾಳು. 14 ಮಿ.ಮೀ. ಥ್ರೆಡ್ಡಿಗೆ ಸುಮಾರು 20ರಿಂದ 25 ನ್ಯೂಟನ್ ಮೀಟರ್ ಬಿಗಿ, ಸಣ್ಣ ಥ್ರೆಡ್ಡಿಗೆ ಅದಕ್ಕಿಂತ ಕಡಿಮೆ.

ಕೂಲೆಂಟ್. ಬಣ್ಣ ನೋಡಿ ಖರೀದಿಸಬೇಡಿ. ಹಸಿರು, ಕೆಂಪು, ನೀಲಿ ಎಂಬುದು ಕಂಪನಿಗಳ ಇಷ್ಟ, ಎಲ್ಲರಿಗೂ ಒಂದೇ ನಿಯಮವಿಲ್ಲ. ಕೈಪಿಡಿಯಲ್ಲಿರುವ ದರ್ಜೆ ತನ್ನಿ. ಸಾಂದ್ರ ಕೂಲೆಂಟ್ ಆದರೆ ಶುದ್ಧೀಕರಿಸಿದ ನೀರಿನೊಂದಿಗೆ ಸಮಸಮ ಬೆರೆಸಿ. ತುಂಬಿದ ಮೇಲೆ ಹೀಟರ್ ಬಿಸಿಗೆ ತಿರುಗಿಸಿ ಎಂಜಿನ್ ಓಡಿಸಿ ಒಳಗಿನ ಗಾಳಿ ಹೊರಹಾಕಿ. ಗಾಳಿ ಸಿಕ್ಕಿಕೊಂಡರೆ ಹೊಸ ಕೂಲೆಂಟ್ ಇದ್ದೂ ಎಂಜಿನ್ ಕುದಿಯುತ್ತದೆ.

ಬ್ರೇಕ್ ಫ್ಲೂಯಿಡ್. ಇದು ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 4 ದರ್ಜೆಯ ಫ್ಲೂಯಿಡ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಉದ್ದನೆಯ ಇಳಿಜಾರಿನಲ್ಲಿ ಅದು ಕುದಿದು ಗುಳ್ಳೆಯಾದರೆ ಪೆಡಲ್ ನೆಲಕ್ಕೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ.

ಗೇರ್ ಆಯಿಲ್. ಡ್ರೈನ್ ಬೋಲ್ಟ್ ಬಿಚ್ಚುವ ಮೊದಲು ತುಂಬುವ ಬೋಲ್ಟ್ ಬಿಚ್ಚಲು ಬರುತ್ತದೆಯೇ ನೋಡಿ. ಎಲ್ಲ ಇಳಿಸಿದ ಮೇಲೆ ಮೇಲಿನದು ತುಕ್ಕು ಹಿಡಿದು ಜಗ್ಗದಿದ್ದರೆ ಕಾರು ಅಲ್ಲೇ ನಿಲ್ಲುತ್ತದೆ.

ಬೆಲ್ಟ್ ಎಂಜಿನ್ ಆಗಿದ್ದು ಬದಲಿಸಿದ ದಾಖಲೆ ಇಲ್ಲದಿದ್ದರೆ ಬೆಲ್ಟ್, ಟೆನ್ಷನರ್ ಜೊತೆಗೇ ಹಾಕಿ. ವಾಟರ್ ಪಂಪನ್ನೂ ಅದೇ ಬೆಲ್ಟ್ ತಿರುಗಿಸುವುದಾದರೆ ಅದನ್ನೂ ಸೇರಿಸಿ. ಏರ್ ಫಿಲ್ಟರ್, ಎಸಿ ಫಿಲ್ಟರ್ ಬದಲಿಸಲು ಹತ್ತು ನಿಮಿಷ ಸಾಕು. ಪಿಸಿವಿ ವಾಲ್ವ್ ಎಂಬ ಸಣ್ಣ ಭಾಗವನ್ನು (ಎಂಜಿನ್ನಿನ ಕೆಳಭಾಗದ ಹಬೆಯನ್ನು ಇನ್‌ಟೇಕ್‌ಗೆ ಹಿಂತಿರುಗಿಸುವುದು) ಮರೆಯಬೇಡಿ. ಅದು ಕಟ್ಟಿಕೊಂಡರೆ ಆಯಿಲ್ ಖರ್ಚಾಗುತ್ತದೆ, ಸೀಲುಗಳು ಸೋರುತ್ತವೆ. ಅದನ್ನು ನೋಡದೆ ರಿಂಗ್ ಹೋಗಿದೆ ಎಂದು ಎಂಜಿನ್ ಬಿಚ್ಚಿಸಿಕೊಂಡವರಿದ್ದಾರೆ.

## ಹಂತ 9: ಆಮೇಲಿನ ದಿನಗಳು

ತಿಂಗಳಿಗೊಮ್ಮೆ, ಬೆಳಗ್ಗೆ ಟೈರ್ ತಣ್ಣಗಿರುವಾಗ ಗಾಳಿ ನೋಡಿ. ಒತ್ತಡ ಎಷ್ಟೆಂದು ಚಾಲಕರ ಬಾಗಿಲಿನ ಕಂಬದ ಪಟ್ಟಿಯಲ್ಲಿ ಬರೆದಿರುತ್ತದೆ. ಟೈರಿನ ಮೇಲೆ ಅಚ್ಚಾದ ಸಂಖ್ಯೆ ಆ ಟೈರ್ ತಾಳಬಲ್ಲ ಗರಿಷ್ಠ, ಅಷ್ಟು ತುಂಬಿಸಬಾರದು. ಸ್ಟೆಪ್ನಿಗೂ ಗಾಳಿ ಬೇಕು.

ಆಯಿಲ್ 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಬರೀ ಹತ್ತಿರದ ಓಡಾಟವಾದರೆ ಇನ್ನೂ ಬೇಗ. ಕೊಂಡ ಮೊದಲ ಮೂರು ತಿಂಗಳು ಪ್ರತಿ 1,000 ಕಿ.ಮೀ.ಗೆ ಡಿಪ್‌ಸ್ಟಿಕ್ ನೋಡಿ ಬರೆದಿಡಿ. ಕನಿಷ್ಠ, ಗರಿಷ್ಠ ಗುರುತುಗಳ ನಡುವೆ ಹೆಚ್ಚಿನ ಎಂಜಿನ್‌ಗಳಲ್ಲಿ ಒಂದು ಲೀಟರಿನ ಹತ್ತಿರ ಅಂತರವಿರುತ್ತದೆ. ಸಾವಿರ ಕಿಲೋಮೀಟರಿಗೆ ಅರ್ಧ ಲೀಟರ್ ಇಳಿಯುತ್ತಿದ್ದರೆ, ಪಿಸಿವಿ ಸರಿಯಿದ್ದೂ, ಸೀಲ್ ಅಥವಾ ರಿಂಗ್ ಕಡೆ ನೋಡಬೇಕು. ಸಾಮಾನ್ಯ ನಿಕ್ಕಲ್ ಪ್ಲಗ್ ಆದರೆ ಸುಮಾರು 30,000, ಇರಿಡಿಯಮ್ ಆದರೆ ಸುಮಾರು 1,00,000 ಕಿ.ಮೀ. ಬಾಳುತ್ತವೆ. ಚಕ್ರ ಬಿಚ್ಚಿ ಹಾಕಿದ ಮೇಲೆ 50-100 ಕಿ.ಮೀ. ಓಡಿಸಿ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ನೋಡಿ.

## ಕಾರು ನಿಲ್ಲಿಸಲೇಬೇಕಾದ ಸೂಚನೆಗಳು

ಕೆಂಪು ಆಯಿಲ್ ದೀಪ ಹೊತ್ತಿದರೆ ಸುರಕ್ಷಿತ ಬದಿಗೆ ಸರಿದು ತಕ್ಷಣ ಎಂಜಿನ್ ಆಫ್ ಮಾಡಿ. ಅದು ಆಯಿಲ್ ಕಡಿಮೆ ಎಂಬ ಸೌಮ್ಯ ನೆನಪೋಲೆ ಅಲ್ಲ, ಒತ್ತಡವೇ ಇಲ್ಲ ಎಂಬ ಕೂಗು. ಇನ್ನೆರಡು ಕಿಲೋಮೀಟರ್ ಓಡಿಸಿದರೆ ಬೇರಿಂಗ್ ಹೋಗುತ್ತದೆ.

ಚೆಕ್ ಎಂಜಿನ್ ದೀಪ ಸ್ಥಿರವಾಗಿ ಉರಿದರೆ ಒಂದೆರಡು ದಿನದಲ್ಲಿ ತೋರಿಸಿ. ಮಿನುಗುತ್ತಿದ್ದರೆ ಸಿಲಿಂಡರ್ ಉರಿ ತಪ್ಪಿ ಹಸಿ ಪೆಟ್ರೋಲ್ ಕನ್ವರ್ಟರಿಗೆ ಹೋಗಿ ಅಲ್ಲಿ ಸುಡುತ್ತಿದೆ. ವೇಗ ಇಳಿಸಿ, ನಿಲ್ಲಿಸಿ. ಒಂದು ಇಗ್ನಿಷನ್ ಕಾಯಿಲಿನ ಖರ್ಚಿನಲ್ಲಿ ಮುಗಿಯುವುದು ಕನ್ವರ್ಟರಿನವರೆಗೆ ಹೋಗುತ್ತದೆ.

ತಾಪದ ಮುಳ್ಳು ಏರಿದರೆ ಎಸಿ ಆರಿಸಿ, ಹೀಟರ್ ಪೂರ್ತಿ ಬಿಸಿಗೆ ಹಾಕಿ; ನಿಲ್ಲಿಸುವ ಜಾಗ ಸಿಗುವವರೆಗೆ ಅದು ಸ್ವಲ್ಪ ಶಾಖ ಹೊರಗೆಳೆಯುತ್ತದೆ. ನಿಲ್ಲಿಸಿದ ಮೇಲೆ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಬೇಡಿ, ಒಳಗೆ ಒತ್ತಡದಲ್ಲಿ ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ಬಿಸಿ ಎಂಜಿನ್ ಮೇಲೆ ತಣ್ಣೀರು ಸುರಿಯಲೂಬೇಡಿ. ಮೇಲಿನ ಹೋಸ್ ಕೈಯಲ್ಲಿ ಹಿಡಿಯುವಷ್ಟು ತಣ್ಣಗಾಗಲು ಅರ್ಧ ಗಂಟೆಗೂ ಹೆಚ್ಚು ಬೇಕಾಗಬಹುದು, ಕಾಯಿರಿ. ಆಮೇಲೆ ಮುಚ್ಚಳಕ್ಕೆ ದಪ್ಪ ಬಟ್ಟೆ ಹಾಕಿ ನಿಧಾನವಾಗಿ ತೆಗೆದು ಮಟ್ಟ ನೋಡಿ. ಕೂಲೆಂಟ್ ತುಂಬಿದ ಮೇಲೂ ಮತ್ತೆ ಇಳಿದರೆ ಓಡಿಸಿಕೊಂಡು ಗ್ಯಾರೇಜಿಗೆ ಹೋಗುವ ಸಾಹಸ ಬೇಡ, ಎಳೆಸಿಕೊಂಡು ಹೋಗಿ.